ಕಣಗಿಲೆ ಬೇರು ಕಿತ್ತ ದಿನ

ದುರ್ಗಯ್ಯ ಸೈಕಲ್ಲಿನಿಂದ ಹಾರಿ ಇಳಿದ. ಶಂಭುಲಿಂಗಯ್ಯನ ತೆಂಗಿನ ತೋಟದಲ್ಲಿ ಅವನ ಹೆಂಡತಿ ಕಲ್ಲಮ್ಮ ಒಬ್ಬಳೇ ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದಳು. ಚೌಕ ಗುಂಡಿ. ಕಣ್ಣಲ್ಲಿ ನೀರು.

ದುರ್ಗಯ್ಯನ ಎದೆ ಧಸಕ್ಕೆಂದಿತು. ಸತ್ತವರನ್ನು ತಮ್ಮ ತೋಟದಲ್ಲೇ ಕೂರಿಸಿ ಮಣ್ಣು ಮಾಡುವ ಮನೆತನ ಅದು. ಹದಿನೈದು ದಿನದಿಂದ ಶಂಭುಲಿಂಗಯ್ಯ ಉಬ್ಬಸವೆಂದು ಮಲಗಿದ್ದ. ಬೀದಿಗೆಲ್ಲ ಕೇಳುತ್ತಿದ್ದ ಕೆಮ್ಮು ಬೆಳಗ್ಗೆಯಿಂದ ಇಲ್ಲ. ಇನ್ನು ಬಾಯಿಬಿಟ್ಟು ಕೇಳುವುದೇನಿದೆ?

"ಒಂದು ಮಾತು ಹೇಳ್ಕಳಿಸ್ಬಾರ್ದಾ ಕಲ್ಲಕ್ಕ?"

"ಹದಿನೈದು ದಿನದಿಂದ ಮನೆಮನೆಗೂ ಬಂದು ಕರ್ದೆ ಕಣಪ್ಪ. ಯಾರು ಬಂದ್ರಿ?"

ದುರ್ಗಯ್ಯ ತಲೆ ತಗ್ಗಿಸಿ, ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡ.

ಅರ್ಧ ಗಂಟೆಯಲ್ಲಿ ಊರೇ ನೆರೆಯಿತು. ಯಾರೋ ಓಡಿಹೋಗಿ ಪಂಚಾಯ್ತಿ ಕಟ್ಟೆಯ ರೇಡಿಯೊ ನಿಲ್ಲಿಸಿದರು. ನಿನ್ನೆಯವರೆಗೆ ಜಿಪುಣ ಎಂದವರೇ "ಕರ್ಣ ಕಣ್ರೀ, ಕರ್ಣ" ಎಂದು ಮೂಗು ಸೀಟಿದರು. ಕೊಬ್ಬರಿ ವ್ಯಾಪಾರದ ಮಲ್ಲಿಕಾರ್ಜುನಯ್ಯನವರಂತೂ ಅಂಗಡಿ ಬಾಗಿಲು ಹಾಕಿ ಬಂದು, ಬಿಳಿ ಅಂಗಿ ಬಿಚ್ಚಿಟ್ಟು ಹಾರೆ ಹಿಡಿದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಎಲ್ಲರಿಗೂ ಅದೊಂದೇ ಆತಂಕ.

ಆದರೆ ಗುಂಡಿಯೊಳಗಿನ ಆ ಹಾಳು ಕಣಗಿಲೆ ಬೇರು ಬಿಡಬೇಕಲ್ಲ! ಅಜ್ಜನ ಕಾಲದ ಪೊದೆ. ಮೇಲೆ ಕಡಿದಿದ್ದರೂ ಕೆಳಗೆ ತೊಡೆ ದಪ್ಪದ ಬೇರು ಹಾಗೇ ಕೂತಿತ್ತು. ಹಾರೆ ಬಾಗಿತು. ಕೊಡಲಿಯ ಕಾವು ಮುರಿಯಿತು.

"ಬಾವಿ ತಾವ ಮಣ್ಣು ಮೆತ್ತಗೈತೆ. ಅಲ್ಲೇ ತೋಡಾಣ ಬುಡಕ್ಕ" ಎಂದ ದುರ್ಗಯ್ಯ.

"ಬ್ಯಾಡ! ಅವ್ರು ಇಲ್ಲೇ ಅಂತ ಒತ್ತಿ ಹೇಳವ್ರೆ. ಒಂದೆಳೆ ಬೇರೂ ಉಳೀಬಾರ್ದು ಅಂದವ್ರೆ."

ಕೊನೇ ಆಸೆ! ಮೀರುವುದುಂಟೇ? ಮಲ್ಲಿಕಾರ್ಜುನಯ್ಯನವರ ಕಣ್ಣು ಒದ್ದೆಯಾಯಿತು. ಎಂಟು ಜನ ಹಗ್ಗ ಬಿಗಿದು "ಐಸಾ" ಎಂದು ಎಳೆದರು. ಸಾವಿನ ಮನೆಯಲ್ಲಿ ಐಸಾ ಎನ್ನುತ್ತಾರೇನ್ರೋ ಎಂದು ಯಾರೋ ಗದರಿದ ಮೇಲೆ, ಶಿವನಾಮ ಹೇಳಿಕೊಂಡು ಎಳೆದರು.

ಮುಖ ನೋಡಲು ಒಳಗೆ ಹೊರಟ ಹೆಂಗಸರನ್ನು ಕಲ್ಲಮ್ಮ ಬಾಗಿಲಲ್ಲೇ ತಡೆದಳು. "ಮೊದ್ಲು ಇದು ಮುಗೀಲಿ. ಆಮೇಲೆ ಕಣ್ತುಂಬ ನೋಡೀರಂತೆ."

ಬಿಸಿಲು ಇಳಿಯುವ ಹೊತ್ತಿಗೆ ಬೇರು ಹೊರಬಂತು, ಒಂದು ಗಾಡಿಯಷ್ಟು. ಎಲ್ಲರ ಅಂಗೈಯಲ್ಲೂ ಬೊಬ್ಬೆ. ಸಂಸ್ಕಾರ ಮಾಡಿಸಲು ಬಂದ ಐನೋರು ವಿಭೂತಿ, ಬಿಲ್ವಪತ್ರೆ ಜೋಡಿಸಿಟ್ಟು, "ಹೊತ್ತಾಯ್ತು, ಕರ್ಕೊಂಬನ್ನಿ" ಎಂದರು.

ಕಲ್ಲಮ್ಮ ಗುಂಡಿಗೆ ಬಗ್ಗಿ ನೋಡಿದಳು. ಒಂದೆಳೆಯೂ ಉಳಿದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬೇಲಿಯ ಕಡೆಗೆ ಕೈಬೀಸಿದಳು.

ಬಿಳಿಗೆರೆಯಿಂದ ತಂದ ತೆಂಗಿನ ಸಸಿಯನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದ ಶಂಭುಲಿಂಗಯ್ಯ, ಬಾಯಿ ತೆರೆದು ನಿಂತ ಊರನ್ನೆಲ್ಲ ದಾಟಿಕೊಂಡು ಹೋಗಿ ಹೆಂಡತಿಗೆ ಹೇಳಿದ: "ನಾನು ಅಂದಿರ್ಲಿಲ್ವೇನೇ? ಬೇರು ಕೀಳಕ್ಕೆ ಕರುದ್ರೆ ಒಬ್ರೂ ಬರಲ್ಲ. ಚೌಕವಾಗಿ ನಾಕು ಗುದ್ದಲಿ ಹಾಕಿ ಅಳ್ತಾ ನಿಂತ್ಕೊ, ಊರೇ ಬತ್ತದೆ ಅಂತ!"