ನಾಲ್ಕನೇ ಮಹಡಿಯ ಓಟು

ಅಜ್ಜಿ ಮತಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗುರುತು ಹಾಕದೆ ಹಾಗೇ ಗುಮಾಸ್ತನ ಕೈಗೆ ವಾಪಸು ಕೊಟ್ಟರು.

"ನಾನು ಹಾಕಲ್ಲಪ್ಪ."

ಗುಮಾಸ್ತ ಪಿಂಚಣಿ ಕಚೇರಿಯವನು. ನಡೆಯಲಾಗದ ಹಿರಿಯರ ಮನೆಬಾಗಿಲಿಗೇ ಹೋಗಿ ಓಟು ಹಾಕಿಸಿಕೊಂಡು ಬರಲು ಅವನನ್ನು ಮೂರು ದಿನದ ಮಟ್ಟಿಗೆ ಕಳಿಸಿದ್ದರು. ಪಟ್ಟಿಯಲ್ಲಿದ್ದವರಲ್ಲಿ ಒಬ್ಬರೂ ತಪ್ಪಬಾರದು ಎಂದು ಮೇಲಿನವರ ಕಟ್ಟಪ್ಪಣೆ. ಬೆಳಿಗ್ಗೆಯಿಂದ ಹನ್ನೊಂದು ಮನೆ ಸುಸೂತ್ರವಾಗಿ ಮುಗಿದಿತ್ತು. ಇದು ಹನ್ನೆರಡನೆಯದು, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಪೆಟ್ಟಿಗೆ ಹೊತ್ತು ತಂದ ಪೇದೆ ಹೊಸ್ತಿಲ ಮೇಲೇ ಕುಸಿದು ಕೂತಿದ್ದ. ಹಾಸಿಗೆಯ ಪಕ್ಕ ರಟ್ಟಿನ ಮರೆ ಇಡಲು ಜಾಗ ಸಾಲದೆ ಸೊಸೆ ತನ್ನ ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ತಳ್ಳಿದ್ದಳು. ಇಷ್ಟೆಲ್ಲ ಆದ ಮೇಲೆ ಈ ಮಾತು.

"ಯಾಕಜ್ಜಿ, ನಿಂತವರು ಯಾರೂ ಇಷ್ಟ ಇಲ್ವಾ?"

"ಇಷ್ಟ ಕಷ್ಟದ ಪ್ರಶ್ನೆ ಅಲ್ಲಪ್ಪ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಪಾಳಿ ಮುಗಿಸಿ ಸೀದಾ ಬೂತಿಗೆ ಹೋಗಿ ನಿಂತ್ಕೊಳ್ತಿದ್ದೋಳು ನಾನು. ಒಂದು ಚುನಾವಣೇನೂ ಬಿಟ್ಟಿಲ್ಲ. ಆದ್ರೆ ಸತ್ತವರ ಹೆಸರಲ್ಲಿ ಓಟು ಹಾಕೋದು ಅಪರಾಧ ಅಲ್ವಾ?"

"ಸತ್ತಿರೋರು ಯಾರು?"

"ನಾನೇ. ನಿಮ್ಮ ಸರ್ಕಾರದ ಲೆಕ್ಕದಲ್ಲಿ."

ಪೇದೆ ಕಿಸಕ್ಕನೆ ನಕ್ಕ. ಅಜ್ಜಿ ನಗಲಿಲ್ಲ. ಸೊಸೆ ಬಾಗಿಲಿಗೆ ಒರಗಿ ನಿಂತು ಬಿಡಿಸಿ ಹೇಳಿದಳು. ಬದುಕಿದ್ದೇನೆ ಎಂದು ತೋರಿಸಲು ಅತ್ತೆ ವರ್ಷಕ್ಕೊಮ್ಮೆ ಪಿಂಚಣಿ ಕಚೇರಿಗೆ ಹೋಗಬೇಕಿತ್ತು. ಸೊಂಟ ಮುರಿದ ಮೇಲೆ ಈ ಮೆಟ್ಟಿಲು ಇಳಿಯುವುದು ಆಗಲಿಲ್ಲ. ಬದುಕಿಲ್ಲವೆಂದು ಲೆಕ್ಕ ಹಿಡಿದು ಪಿಂಚಣಿ ನಿಲ್ಲಿಸಿದರು.

"ಮೂರು ಸಲ ಬಂದೆ ಸಾರ್. ಯಾರಾದ್ರೂ ಒಬ್ಬರು ಮನೆಗೆ ಬಂದು ನೋಡ್ಕೊಂಡು ಹೋಗಿ ಅಂತ ಗೋಗರೆದೆ. ಮನೆಗೆ ಬರೋ ಪದ್ಧತಿ ನಮ್ಮಲ್ಲಿಲ್ಲ, ಖುದ್ದು ಬರಬೇಕು ಅಂದ್ರಿ."

ಅಂದರು ಅಲ್ಲ, ಅಂದ್ರಿ. ಗುಮಾಸ್ತ ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ನೆನಪಾಗಲಿಲ್ಲ. ಕಿಟಕಿಯ ಆಚೆ ದಿನಕ್ಕೆ ಅಷ್ಟೊಂದು ಮುಖಗಳು. ಆದರೆ ಆ ಮಾತಿನ ಗುರುತು ಸಿಕ್ಕಿತು. ಅಕ್ಷರ ಅಕ್ಷರವೂ ಅವನದೇ.

"ಅದು ಬೇರೆ ಇಲಾಖೆ ತಾಯಿ, ಇದು ಬೇರೆ," ಎಂದ. ತನ್ನ ಕಿವಿಗೇ ಅದು ಸಪ್ಪೆಯಾಗಿ ಕೇಳಿಸಿತು. "ಈಗ ಓಟು ಒಂದು ಹಾಕಿಬಿಡಿ ಅಜ್ಜಿ. ಮಿಕ್ಕಿದ್ದು ಆಮೇಲೆ ನೋಡೋಣ."

"ನಂಗೆ ಎಂಬತ್ತಾರು. ಆಮೇಲೆ ಅನ್ನೋದನ್ನ ನಂಬೋ ವಯಸ್ಸಲ್ಲ," ಎಂದರು ಅಜ್ಜಿ. "ನೋಡಪ್ಪ, ಒಂದು ಪುಸ್ತಕದಲ್ಲಿ ನಾನು ಸತ್ತಿದೀನಿ, ಇನ್ನೊಂದರಲ್ಲಿ ಬದುಕಿದೀನಿ. ನೀವು ನೀವೇ ಕೂತು ಮಾತಾಡ್ಕೊಳ್ಳಿ. ಬದುಕಿದೀನಿ ಅಂತ ತೀರ್ಮಾನ ಆದ್ರೆ ಹೇಳಿಕಳಿಸಿ, ಹಾಕ್ತೀನಿ. ನನ್ನ ಓಟು ತಗೊಳ್ಳೋಕೆ ನಾಲ್ಕು ಮಹಡಿ ಹತ್ತಿ ಬಂದ್ರಿ. ನಾನು ಉಸಿರಾಡ್ತಿದೀನಾ ಅಂತ ನೋಡೋಕೆ ಒಬ್ಬರೂ ಬರಲಿಲ್ಲ."

ನಿರಾಕರಿಸುವವರಿಗೂ ಒಂದು ನಮೂನೆ ಇತ್ತು. ಗುಮಾಸ್ತ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆದ: 'ಸದರಿ ಮತದಾರರು ಇಂದು ತಮ್ಮ ಮನೆಯಲ್ಲಿ, ನನ್ನ ಎದುರಿನಲ್ಲಿ, ಮತ ನಿರಾಕರಿಸಿ ಸಹಿ ಮಾಡಿರುತ್ತಾರೆ.' ಅಜ್ಜಿ ಸಹಿ ಮಾಡಿದರು, ಅವನೂ ಮಾಡಿ ಮೊಹರು ಒತ್ತಿದ. ಕಾರ್ಬನ್ ಪ್ರತಿ ಮತದಾರರಿಗೆ. ಅಜ್ಜಿ ಕನ್ನಡಕ ಏರಿಸಿ ಎರಡು ಸಲ ಓದಿದರು.

"ನನ್ನ ಎದುರಿನಲ್ಲಿ ಅಂತ ಬರೆದಿದ್ದೀಯಲ್ಲ, ಅದು ಚೆನ್ನಾಗಿದೆ," ಎಂದು ಸೊಸೆಯ ಕೈಗೆ ಕೊಟ್ಟರು.

ಸೋಮವಾರ ಆ ಕಾಗದ ಪಿಂಚಣಿ ಕಚೇರಿಯ ಕಿಟಕಿಯಲ್ಲಿ ತೂರಿ ಬಂತು. "ಅತ್ತೆ ಕೊಟ್ಟು ಕಳಿಸಿದ್ರು," ಎಂದಳು ಸೊಸೆ. ಗುಮಾಸ್ತ ತನ್ನದೇ ಅಕ್ಷರವನ್ನು ಗುರುತಿಸಿದ. ಎಂದಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡು, ಕಾಗದ ಹಿಡಿದು ಸೂಪರಿಂಟೆಂಡೆಂಟರ ಮೇಜಿಗೆ ಹೋದ.

"ನಮೂನೆ ನಮ್ಮದಲ್ಲ," ಎಂದರು ಅವರು. "ಮೊಹರಿದೆ, ತಳ್ಳಿಹಾಕೋ ಹಾಗೂ ಇಲ್ಲ. ಒಂದು ಕೆಲಸ ಮಾಡಿ. ಇದಕ್ಕೆ ಸಹಿ ಹಾಕಿದ ಅಧಿಕಾರಿ ಖುದ್ದು ಬಂದು ದೃಢಪಡಿಸಲಿ."

"ಆ ಅಧಿಕಾರಿ ನಾನೇ ಸಾರ್."

"ಅದು ನನಗೂ ಕಾಣುತ್ತೆ ಕಣ್ರೀ. ಆದ್ರೆ ನೀವು ಇಲ್ಲಿ ಗುಮಾಸ್ತರು. ಅರ್ಜಿ ತಗೊಳ್ಳೋರೂ ನೀವೇ, ಸಾಕ್ಷಿ ಹೇಳೋರೂ ನೀವೇ ಆದ್ರೆ ನಾಳೆ ಆಡಿಟ್‌ನೋರು ಸುಮ್ನಿರ್ತಾರಾ? ಬರೋರು ಹೊರಗಡೆಯಿಂದ, ಕಿಟಕಿ ಮೂಲಕ ಬರಬೇಕು."

ತಮಾಷೆಯೇನೋ ಎಂದು ಗುಮಾಸ್ತ ಅವರ ಮುಖ ನೋಡಿದ. ಅವರು ಆಗಲೇ ಇನ್ನೊಂದು ಕಡತ ಬಿಚ್ಚಿದ್ದರು.

ಅವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಪಕ್ಕದ ಬಾಗಿಲಿನಿಂದ ಹೊರಗೆ ಬಂದು, ಗೋಡೆಯುದ್ದಕ್ಕೂ ನಡೆದು, ಕೋಲೂರಿ ನಿಂತಿದ್ದ ಹಿರಿಯರೊಬ್ಬರ ಹಿಂದೆ ಸಾಲಿನ ಕೊನೆಯವನಾಗಿ ನಿಂತ. ಸೊಸೆಯೂ ಬಂದು ಅವನ ಹಿಂದೆ ನಿಂತಳು. ಅವನ ಮುಂದೆ ಇಪ್ಪತ್ತೆರಡು ಜನರಿದ್ದರು. ಬಹಳ ಹೊತ್ತಾದರೂ ಸಾಲು ಕದಲಲಿಲ್ಲ. ಕತ್ತು ಉದ್ದ ಮಾಡಿ ನೋಡಿದ. ಕಿಟಕಿಯ ಆಚೆ ಕುರ್ಚಿ ಖಾಲಿ ಇತ್ತು.