ಹೂತುಹೋಗದ ಟ್ಯಾಂಕು

ಟ್ಯಾಂಕು ಮತ್ತೆ ಹೂತುಹೋಯಿತು. ಬಯಲಿನ ಅಂಚಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಮೂತಿ ಕೆಸರಿಗೆ ಊರಿ, ಗೊಂಯ್‌ಗುಟ್ಟುತ್ತ ನಿಂತಿತು. ರೇಡಿಯೊ ರಿಪೇರಿಯವನು ರಿಮೋಟು ಕೆಳಗಿಟ್ಟು, ಟ್ಯಾಂಕಿನ ಬಾಲಕ್ಕೆ ಕಟ್ಟಿದ್ದ ಹಗ್ಗ ಎಳೆಯತೊಡಗಿದ.

"ಇದಕ್ಕಿಂತ ಎಮ್ಮೆ ವಾಸಿ ಕಣಣ್ಣ," ಎಂದ ಅವನ ತಮ್ಮ. "ಕೆಸರಲ್ಲಿ ಕೂತ್ರೂ ಹಸಿವಾದ್ರೆ ಏಳುತ್ತೆ."

ಯುದ್ಧ ಮುಗಿದು ನಾಲ್ಕು ತಿಂಗಳಾಗಿತ್ತು. ಬಯಲಿನ ತುಂಬ ತುಳಿದರೆ ಸಿಡಿಯುವ ನೆಲಬಾಂಬುಗಳು ಉಳಿದಿದ್ದವು. ಬಯಲಿನಾಚೆ ತಮ್ಮನ ಹೆಂಡತಿಯ ತವರು; ಹೆರಿಗೆಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಬಳಸುದಾರಿಯ ಸೇತುವೆ ಬಿದ್ದಿತ್ತು. ಬಾಂಬು ತೆಗೆಯುವವರು ಬರುವುದು ಇನ್ನೊಂದು ವರ್ಷಕ್ಕೆ. ಮಗಳ ಮುಖ ನೋಡಲು ನಡೆದೇ ಹೊರಟಿದ್ದ ತಮ್ಮನನ್ನು ಅಣ್ಣ ಕಾಲು ಹಿಡಿದು ನಿಲ್ಲಿಸಿದ್ದ. ಅವನು ಹವ್ಯಾಸಕ್ಕೆ ಕಟ್ಟಿದ, ಕರುವಿನಷ್ಟು ದೊಡ್ಡ ರಿಮೋಟ್ ಟ್ಯಾಂಕುಗಳು ಎರಡಿದ್ದವು. ಮೊದಲು ಟ್ಯಾಂಕು ಹೋಗಲಿ, ಅದು ದಾಟಿದ ದಾರಿಯಲ್ಲೇ ನೀನು ಹೋಗು ಎಂದಿದ್ದ.

ಮೊದಲನೆಯದು ಹನ್ನೆರಡನೇ ಹೆಜ್ಜೆಗೆ ಸಿಡಿದು ಚೂರಾಯಿತು. ಇಬ್ಬರೂ ಬೇಸರಪಡಲಿಲ್ಲ, ಆ ಚೂರುಗಳಲ್ಲಿ ತಮ್ಮನಿರಲಿಲ್ಲ. ಆ ಗುಂಡಿಯನ್ನು ಬಳಸಿ ಹೊರಟ ಎರಡನೆಯದಕ್ಕೆ ಕೆಸರೇ ಶತ್ರುವಾಯಿತು.

ಅಣ್ಣ ಮೂರು ದಿನ ಬೆಂಚು ಬಿಟ್ಟೇಳಲಿಲ್ಲ. ಚಕ್ರಗಳ ಸುತ್ತಿನ ಕಿರಿದಾದ ಕಬ್ಬಿಣದ ಪಟ್ಟಿ ಕಳಚಿ, ಹಳೆಯ ಟೈರು ಕತ್ತರಿಸಿ ನಾಲ್ಕು ಪಟ್ಟು ಅಗಲದ ಪಟ್ಟಿ ತೊಡಿಸಿದ. ಗೇರು ಬದಲಿಸಿದ. ಹಗುರಾಗಲೆಂದು ಹೊಟ್ಟೆಯೊಳಗಿನ ಸೀಸದ ಗಟ್ಟಿಗಳನ್ನು ತೆಗೆದು ಹಾಕಿದ. ಒಂದೊಂದು ತಿರುಪನ್ನೂ ಮೂರು ಸಲ ಬಿಗಿದ. ಸಿಗ್ನಲ್ ತಪ್ಪಿದರೆ? ಬ್ಯಾಟರಿ ನಡುದಾರಿಯಲ್ಲಿ ಕೈಕೊಟ್ಟರೆ? ಮೋಟರಿಗೆ ನೀರು ಇಳಿದರೆ? ಅನುಮಾನ ಬಂದದ್ದನ್ನೆಲ್ಲ ಗೋಡೆಯ ಮೇಲೆ ಬರೆದು, ಸರಿಪಡಿಸಿ, ಹೊಡೆದುಹಾಕಿದ.

"ನಿಂಗೆ ಭಯ ಜಾಸ್ತಿ ಕಣಣ್ಣ."

"ಇರ್ಲಿ ಬಿಡೋ. ಇಬ್ಬರ ಪಾಲಿಂದೂ ನಾನೇ ಪಡ್ತೀನಿ."

ನಾಲ್ಕನೇ ದಿನ ಬೆಳಿಗ್ಗೆ ಟ್ಯಾಂಕು ಬಯಲಿಗಿಳಿಯಿತು. ಮೂವತ್ತು ಹೆಜ್ಜೆ ದಾಟಿತು. ಐವತ್ತು. ನೂರು. ಎಲ್ಲೂ ಹೂತುಹೋಗಲಿಲ್ಲ, ಎಲ್ಲೂ ಸಿಡಿಯಲಿಲ್ಲ. ಬಾಲದ ಹಗ್ಗ ಅದು ಹೋದ ದಾರಿಯನ್ನು ಗೀಟೆಳೆದಂತೆ ತೋರಿಸುತ್ತಿತ್ತು. ಬಯಲಿನ ಆಚೆ ಅಂಚಿನಲ್ಲಿ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಕೈ ಬೀಸಿದಳು. ಅಣ್ಣನ ಕಣ್ಣು ಮಂಜಾಯಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಕೆಲಸದ ಮೇಲೆ ಒಂದು ಅನುಮಾನವೂ ಉಳಿದಿರಲಿಲ್ಲ.

"ಕೂಸು ನಿನ್ನ ಹಾಗೆ ಮುಖ ಗಂಟಿಕ್ಕಿಕೊಂಡಿದ್ರೆ ಅಲ್ಲೇ ಬಿಟ್ಟು ಬರ್ತೀನಿ," ಎಂದು ನಗುತ್ತ ತಮ್ಮ ಹಗ್ಗದ ಜಾಡು ಹಿಡಿದು ಹೊರಟ.

ಅವನು ಅರ್ಧ ಬಯಲು ತಲುಪುವ ಹೊತ್ತಿಗೆ, ಅಷ್ಟು ಚೆನ್ನಾಗಿ ಓಡಿದ ಪಟ್ಟಿಯ ಗುರುತನ್ನು ಕಣ್ತುಂಬ ನೋಡಬೇಕೆನಿಸಿ ಅಣ್ಣ ಬಯಲಿನ ಅಂಚಿನಲ್ಲಿ ಬಗ್ಗಿದ. ಕೆಸರಿನ ಮೇಲೆ ಬಾಚಣಿಗೆ ಸವರಿದಂಥ ತೆಳು ಗೆರೆಗಳು. ಅವುಗಳ ಮೇಲೆಯೇ ತಮ್ಮನ ಹೆಜ್ಜೆಗಳು, ಒಂದೊಂದೂ ಗೇಣು ಆಳ.

ಟ್ಯಾಂಕು ಬಯಲನ್ನೆಲ್ಲ ದಾಟಿತ್ತು. ಒಂದು ಕಡೆಯೂ ನೆಲವನ್ನು ಒತ್ತಿರಲಿಲ್ಲ.