ಬೋರ್ಡಿಗೆ ಅಪ್ಪನ ದನಿ ಕಲಿಸಿದ ಹುಡುಗಿ

ಚಹಾ ಕುಡಿಯುತ್ತಾ ಎರಡು ನಿಮಿಷ ಓದಿ... ಅವಸರವಿದ್ದರೆ ಆಮೇಲೆ ಓದಿ, ಆದರೆ ಅರ್ಧಕ್ಕೆ ಮಾತ್ರ ಬಿಡಬೇಡಿ.

ಭಾನುವಾರ ಮಧ್ಯಾಹ್ನ. ವಿದ್ಯಾಶ್ರೀ ಊಟದ ತಟ್ಟೆಯನ್ನು ಅರ್ಧಕ್ಕೇ ಪಕ್ಕಕ್ಕೆ ಸರಿಸಿದಳು.

ಬೆಳಗಾದರೆ ಅವ್ವ ಕೆಲಸಕ್ಕೆ ಹೋಗಲೇಬೇಕು. ಶಾಲೆಯಲ್ಲಿ ಬಿಸಿಯೂಟದ ಅಡುಗೆ. "ಸೋಮವಾರನೂ ಬರದಿದ್ರ ಬ್ಯಾರೆಯವರನ್ನ ತಗೋತೀವಿ" ಅಂತ ಹೆಡ್‌ಮಾಸ್ತರ್ ಹೇಳಿಯಾಗಿತ್ತು.

ಮನೆಯಲ್ಲಿ ಅಪ್ಪ ಫಕ್ಕೀರಪ್ಪ. ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತೂ ತೊದಲುತ್ತದೆ.

ಹೋದ ತಿಂಗಳು ಅವ್ವ ನೀರಿಗೆ ಹೋದಾಗ ಮಂಚದಿಂದ ಬಿದ್ದುಬಿಟ್ಟಿದ್ದರು. ಕೂಗಿದರು, ಕೂಗಿದರು... ಪಕ್ಕದ ಮನೆ ನೀಲಮ್ಮನಿಗೆ ಯಾರೋ ಗೊಣಗಿದ ಹಾಗೆ ಕೇಳಿತೇ ಹೊರತು, ಕರೆಯುತ್ತಿದ್ದಾರೆ ಅಂತ ಗೊತ್ತಾಗಲೇ ಇಲ್ಲ.

ಅಂದಿನಿಂದ ಮನೆಯಲ್ಲಿ ಯಾರಾದರೂ ಒಬ್ಬರು ಇರಲೇಬೇಕು. ಅವ್ವ ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಹಾಗಾದರೆ ಡಿಪ್ಲೊಮಾ ಬಿಟ್ಟು ಮನೆಯಲ್ಲಿ ಕೂರಬೇಕಾದವಳು ವಿದ್ಯಾಶ್ರೀನೇ... ಅದೂ ಕೊನೆಯ ವರ್ಷದಲ್ಲಿ.

ಉಳಿದಿದ್ದ ಒಂದೇ ದಾರಿ ಅವಳ ಕಾಲೇಜು ಪ್ರಾಜೆಕ್ಟಿನ ಎಲೆಕ್ಟ್ರಾನಿಕ್ ಬೋರ್ಡ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅದರಲ್ಲೊಂದು ಪುಟ್ಟ ಮೈಕ್.

ಅದಕ್ಕೆ ಇಂಟರ್ನೆಟ್ ಬೇಡ, ದೂರದ ಸರ್ವರ್ ಬೇಡ. ಕಲಿಸಿದ ಮಾತನ್ನು ತಾನೇ ಗುರುತು ಹಿಡಿದು ಬಜರ್ ಬಾರಿಸುತ್ತದೆ. ವೈರ್ ಎಳೆದು ಬಜರನ್ನು ನೀಲಮ್ಮನ ಅಡುಗೆಮನೆಯಲ್ಲಿ ಕೂರಿಸಿಯೂ ಆಗಿತ್ತು.

ಯಾವ ಮಾತು ಕಲಿಸಬೇಕು ಅಂತ ಅವಳು ತಲೆಕೆಡಿಸಿಕೊಳ್ಳಲೇ ಇಲ್ಲ. "ಬರ್ರಿ"... ಅಷ್ಟೇ.

ಯಾಕೆಂದರೆ ಫಕ್ಕೀರಪ್ಪ ಅಂದರೆ ಸುಮ್ಮನೆ ಅಲ್ಲ ಮತ್ತೆ. ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದವರು. "ಬರ್ರಿ, ಬರ್ರೀ..." ಅಂತ ಒಮ್ಮೆ ಕೂಗಿದರೆ, ಗೇಟಿನಾಚೆ ಚಹಾ ಕುಡಿಯುತ್ತಿದ್ದ ವ್ಯಾಪಾರಿಗಳೆಲ್ಲ ಕಪ್ ಅಲ್ಲೇ ಇಟ್ಟು ಓಡಿಬರುತ್ತಿದ್ದರು.

ಆ ಹರಾಜಿನ ವಿಡಿಯೋಗಳು ಮೊಬೈಲಿನಲ್ಲಿ ರಾಶಿ ಬಿದ್ದಿದ್ದವು.

ಬೋರ್ಡಿಗೆ ಮಾತು ಕಲಿಸಲು ಸ್ಯಾಂಪಲ್ ಬೇಕು. ಅದೇ ಮಾತು, ಅದೇ ದನಿ, ನೂರಾರು ಸಲ ಕೇಳಿಸಬೇಕು. ವಿದ್ಯಾಶ್ರೀ ವಾರವಿಡೀ ಕೂತು ವಿಡಿಯೋಗಳಿಂದ ಅಪ್ಪನ ಒಂದೊಂದು "ಬರ್ರಿ"ಯನ್ನೂ ಕತ್ತರಿಸಿ ತೆಗೆದಳು.

ಲ್ಯಾಪ್‌ಟಾಪಿನಿಂದ ಅಪ್ಪನ ಹಳೇ ದನಿ ಮನೆಯೆಲ್ಲ ತುಂಬುತ್ತಿತ್ತು. ಮಂಚದ ಮೇಲಿನ ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡಳು, ಪಾಪದ ಹುಡುಗಿ.

ಕಾಲೇಜಿನ ಲ್ಯಾಬ್‌ನಲ್ಲಿ ವಿಡಿಯೋ ಹಾಕಿ ಟೆಸ್ಟ್ ಮಾಡಿದಾಗ ಬೋರ್ಡ್ ಒಮ್ಮೆಯೂ ತಪ್ಪಿರಲಿಲ್ಲ.

ಈಗ ಅದನ್ನು ಅಪ್ಪನ ತಲೆದೆಸೆಯಲ್ಲಿಟ್ಟು "ಅಪ್ಪಾ, ಬರ್ರಿ ಅನ್ನು" ಅಂದಳು.

ಅಪ್ಪ ಅಂದರು. ಗೋಡೆಯಾಚೆಯ ಬಜರ್ ಸುಮ್ಮನಿತ್ತು.

"ಇನ್ನೊಮ್ಮೆ... ಸ್ವಲ್ಪ ಸ್ವಚ್ಛ ಹೇಳಪ್ಪ."

ಅಪ್ಪ ಉಸಿರೆಳೆದುಕೊಂಡು ಮತ್ತೆ ಅಂದರು. ಊಹೂಂ. ಮತ್ತೆ... ಮತ್ತೆ... ಕತ್ತಿನ ನರ ಉಬ್ಬಿ, ಹಣೆಯಿಂದ ಬೆವರು ಇಳಿಯತೊಡಗಿತು.

ವಿದ್ಯಾಶ್ರೀ ಬೋರ್ಡಿನ ವೈರುಗಳನ್ನೆಲ್ಲ ಮತ್ತೆ ಒತ್ತಿ ನೋಡಿದಳು. ನಾಳೆ ಇಷ್ಟೊತ್ತಿಗೆ ಅಪ್ಪ ಒಬ್ಬರೇ ಇದ್ದು, ಬಿದ್ದು, ಹೀಗೇ ಕೂಗಿ... ಮುಂದೆ ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಸಾಕು ಬಿಡವಾ, ಅವರನ್ನ ಗೋಳು ಹೊಯ್ಕೋಬ್ಯಾಡ" ಅಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ಆಗ ಅಪ್ಪ ಎಡಗೈ ಎತ್ತಿ ಏನೋ ಹೇಳಿದರು.

"ನೀರು ಬೇಕೇನು?" ಅಲ್ಲ ಅಂತ ತಲೆಯಾಡಿಸಿದರು.

"ಬಾತ್‌ರೂಮಿಗೆ ಹೋಗಬೇಕೇನು?" ಅದೂ ಅಲ್ಲ.

ಇಷ್ಟು ದಿನ ನಡೆದದ್ದೂ ಇದೇ. ಅಪ್ಪ ಅರ್ಧ ಹೇಳುವಷ್ಟರಲ್ಲಿ ಮನೆಯವರು ತಾವೇ ಊಹಿಸಿಬಿಡುತ್ತಿದ್ದರು. ಈ ಸಲ ಅವಳ ಹತ್ತಿರ ಊಹೆಗಳೇ ಉಳಿದಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು, ಬಾಯಿ ಮುಚ್ಚಿಕೊಂಡು ಕೇಳಿದಳು.

ಅಪ್ಪನ ಬೆರಳು ಲ್ಯಾಪ್‌ಟಾಪಿನ ಕಡೆಗಿತ್ತು. ಅದರಲ್ಲಿ ನಿಲ್ಲಿಸಿದ್ದ ವಿಡಿಯೋದಲ್ಲಿ ಎರಡೂ ಕೈ ಎತ್ತಿ ಹರಾಜು ಕೂಗುತ್ತಿದ್ದ ಫಕ್ಕೀರಪ್ಪ.

"ಅಂವಾ... ನಾ... ಅಲ್ಲ."

ಈ ಸಲ ಪ್ರತಿಯೊಂದು ಅಕ್ಷರವೂ ಅವಳಿಗೆ ತಿಳಿಯಿತು.

ಬೋರ್ಡಿಗೆ ಅಪ್ಪನ ದನಿ ಕಲಿಸಿದ್ದಳು ನಿಜ... ಆದರೆ ಎದುರಿಗೆ ಮಲಗಿದ್ದ ಈ ಅಪ್ಪನದ್ದಲ್ಲ. ಹಳೇ ಅಪ್ಪನನ್ನು ವಾರವಿಡೀ ಕೂಗಿಸಿದವಳು ಈ ಅಪ್ಪನ ಹತ್ತಿರ ಒಂದೇ ಒಂದು ಸ್ಯಾಂಪಲ್ ಕೇಳಿರಲಿಲ್ಲ.

ಅಪ್ಪನ ಎದೆಗೆ ಮುಖ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಎಡಗೈಯಿಂದ ಅವಳ ತಲೆ ಸವರುತ್ತಿದ್ದರು.

ಮುಖ ತೊಳೆದು ಬಂದು ಹಳೇ ಸ್ಯಾಂಪಲ್ಲುಗಳನ್ನೆಲ್ಲ ಡಿಲೀಟ್ ಮಾಡಿದಳು. "ಅಪ್ಪಾ, ಸರಿ ಮಾಡಿ ಹೇಳಬ್ಯಾಡ. ನಿನಗ ಹೆಂಗ ಬರ್ತೈತೋ ಹಂಗ ಹೇಳು."

ಅಪ್ಪ ಹೇಳಿದರು... ಕೂತು ಹೇಳಿದರು, ಮಲಗಿ ಹೇಳಿದರು, ಕೆಮ್ಮುತ್ತಾ ಹೇಳಿದರು. ನಡುವೆ ಒಮ್ಮೆ ನಕ್ಕರು ಕೂಡ.

ಸಂಜೆ ಬೋರ್ಡ್ ಬಜರನ್ನು ಒಮ್ಮೆ ಬಾರಿಸಿತು, ಒಮ್ಮೆ ಬಾರಿಸಲಿಲ್ಲ. ಮತ್ತಷ್ಟು ಸ್ಯಾಂಪಲ್ ತೆಗೆದು ಮತ್ತೆ ಕಲಿಸಿದಳು. ಮಲಗುವ ಮುಂಚೆ ತಪ್ಪದೆ ಬಾರಿಸುತ್ತಿತ್ತು. ಆದರೆ ನಾಳೆಯೂ ಬಾರಿಸುತ್ತಾ?

ಸೋಮವಾರ ಅವ್ವ ಶಾಲೆಗೆ ಹೋದಳು, ವಿದ್ಯಾಶ್ರೀ ಕಾಲೇಜಿಗೆ. ಜೀವ ಮಾತ್ರ ಮನೆಯಲ್ಲೇ ಇತ್ತು.

ಮಧ್ಯಾಹ್ನ ನೀಲಮ್ಮನ ಫೋನ್. ವಿದ್ಯಾಶ್ರೀ ಕ್ಲಾಸಿನಿಂದ ಹೊರಗೆ ಓಡಿದಳು.

"ಚಿಗವ್ವಾ, ಅಪ್ಪ ಬಿದ್ರೇನು?"

"ಇಲ್ಲವಾ... ಬಜರ್ ಹೊಡಕೊಂತು ಅಂತ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಓಡಿಬಂದೆ. ನೋಡಿದ್ರ ಆರಾಮ ಅದಾರ. ಏನ್ ಬೇಕ್ರಿ ಅಣ್ಣಾರ ಅಂದ್ರ, ಏನೂ ಬ್ಯಾಡ ಅಂದ್ರು. ಮತ್ಯಾಕ ಕರದ್ರಿ ಅಂದೆ..."

ನೀಲಮ್ಮ ಕುರ್ಚಿ ಎಳೆದ ಸದ್ದು ಫೋನಿನಲ್ಲಿ ಕೇಳಿಸಿತು.

"ಕರದ್ರ ಯಾರರ ಬರ್ತಾರೇನು ಅಂತ ನೋಡಿದೆ, ಅಂದ್ರವಾ. ನಿಂತು ಕೇಳಿದ್ರ ಅವರ ಮಾತು ಅಷ್ಟೂ ತಿಳೀತೈತಿ. ನಾ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತೀನಿ... ನೀ ಕ್ಲಾಸಿಗೆ ಹೋಗು. ಇನ್ನೂ ಏನೇನೋ ಹೇಳಾಕತ್ತಾರ."

ನಮ್ಮವರು ಮೊದಲು ಹೇಗಿದ್ದರು ಅಂತ ನೆನೆಯುವುದು ಸುಲಭ... ಈಗ ಹೇಗಿದ್ದಾರೋ ಹಾಗೇ ಅವರ ಮಾತು ಕೇಳುವುದೇ ಪ್ರೀತಿ.

ನಿಮ್ಮ ಮನೆಯಲ್ಲಿ ಯಾರ ಮಾತನ್ನು ನೀವು ಪೂರ್ತಿ ಕೇಳಿ ಬಹಳ ದಿನವಾಯಿತು?